ಪ್ರಾಕ್ಟೀಸ್ ಡಲ್ ಆದಾಗ ಹೊಸ ಕ್ಲೈಂಟ್‌ಗಳಿಗೆ ಯಾವ ದಾರಿ ವಾಸಿ? ಪಕ್ಕಪಕ್ಕ ಇಟ್ಟು ನೋಡೋಣ

ಸ್ವಂತ ಪ್ರಾಕ್ಟೀಸ್ ನಡೆಸೋ ಎಲ್ಲರಿಗೂ, ಅದು ಕೌನ್ಸೆಲಿಂಗ್ ಇರ್ಲಿ ಫಿಸಿಯೋಥೆರಪಿ ಇರ್ಲಿ ಡಯಟ್ ಕನ್ಸಲ್ಟೇಶನ್ ಇರ್ಲಿ ಸ್ಪೀಚ್ ಥೆರಪಿ ಇರ್ಲಿ, ವರ್ಷದಲ್ಲಿ ಒಂದೆರಡು ಸಲ ಅಪಾಯಿಂಟ್‌ಮೆಂಟ್ ಡೈರಿ ಖಾಲಿ ಹೊಡೆಯೋ ಕಾಲ ಬಂದೇ ಬರತ್ತೆ. ಆಗ ಸಿಗೋ ಸಲಹೆ ಒಂದೇ, "ಸ್ವಲ್ಪ ಮಾರ್ಕೆಟಿಂಗ್ ಮಾಡಿ". ಆದ್ರೆ ಆ ಒಂದು ಹೆಸರಿನ ಕೆಳಗೆ ಹತ್ತು ಬೇರೆ ಬೇರೆ ಕೆಲಸ ಇವೆ, ಒಂದೊಂದಕ್ಕೂ ಬೇರೆ ದುಡ್ಡು, ಬೇರೆ ಟೈಮು, ಒಂದು ಇದೇ ವಾರ ಫಲ ಕೊಡತ್ತೆ, ಇನ್ನೊಂದಕ್ಕೆ ಆರು ತಿಂಗಳು ಕಾಯಬೇಕು. ಈ ತಿಂಗಳ ಬಾಡಿಗೆಗೇ ಒದ್ದಾಡ್ತಿರೋರು ವೆಬ್‌ಸೈಟಿಗೆ ಲೇಖನ ಬರೆಯೋಕೆ ಕೂತ್ರೆ ಅದು ಬಾಯಾರಿದಾಗ ಬಾವಿ ತೋಡಿದ ಹಾಗೆ, ಲೇಖನ ಬರೆಯೋದು ಒಳ್ಳೇ ಕೆಲಸಾನೇ ಆದ್ರೂ ಆ ಹೊತ್ತಿಗೆ ಅದು ಸಲ್ಲದು. ಅದಕ್ಕೇ ಇಲ್ಲಿ ಒಂದೊಂದು ದಾರೀನೂ ಇನ್ನೊಂದರ ಪಕ್ಕ ಇಟ್ಟು, ಯಾರಿಗೆ ಯಾವುದು ಹೊಂದತ್ತೆ ಅಂತ ನನಗೆ ಅನಿಸಿದ್ದನ್ನ ನೇರವಾಗಿ ಹೇಳ್ತೀನಿ.

ಮೊದಲು ಯಾಕೆ ಖಾಲಿ ಅಂತ ನೋಡಿ

ಹಿಂದಿನ ಎರಡು ವರ್ಷದ ಡೈರಿ ತೆಗೆದು ಇದೇ ತಿಂಗಳು ಎಷ್ಟು ಅಪಾಯಿಂಟ್‌ಮೆಂಟ್ ಇತ್ತು ಅಂತ ಎಣಿಸಿ. ಆಗಲೂ ಕಮ್ಮಿ ಇದ್ರೆ ಇದು ಸೀಸನ್ನು, ರಜೆ, ಪರೀಕ್ಷೆ, ಹಬ್ಬ, ವರ್ಷದ ಕೊನೆ ಇಂಥದ್ದೇನೋ, ತಾನಾಗೇ ಸರಿ ಹೋಗತ್ತೆ, ಗಾಬರಿ ಬಿದ್ದು ದುಡ್ಡು ಸುರಿಯೋದು ಬೇಡ. ಆಗ ಚೆನ್ನಾಗಿದ್ದು ಈಗ ಮಾತ್ರ ಕುಸಿದಿದೆ ಅಂದ್ರೆ ಬೇರೆ ಏನೋ ಆಗಿದೆ. ಹೊಸಬರನ್ನ ಕಳಿಸ್ತಿದ್ದ ಒಬ್ಬ ಡಾಕ್ಟರ್ ಊರು ಬಿಟ್ಟಿರಬಹುದು ಅಥವಾ ರಿಟೈರ್ ಆಗಿರಬಹುದು. ಫೋನ್ ಎನ್‌ಕ್ವೈರಿ ಬರ್ತಾ ಇದೆ ಆದ್ರೆ ಯಾರೂ ಬುಕ್ ಮಾಡ್ತಿಲ್ಲ ಅನ್ನೋದು ಇನ್ನೊಂದು ಥರ. ಹೊಸಬರು ಬರ್ತಾರೆ, ಒಂದೇ ಸೆಷನ್‌ಗೆ ನಿಂತು ಹೋಗ್ತಾರೆ ಅನ್ನೋದು ಮತ್ತೊಂದು ಥರ. ಈ ಕೊನೇದಕ್ಕೆ ಎಷ್ಟು ಆಡ್ ಹಾಕಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಬರೋರ ಸಂಖ್ಯೆ ಸರಿಯಾಗೇ ಇದೆ, ಮೊದಲ ಭೇಟಿಯಲ್ಲಿ ಮುಂದೇನು ಅನ್ನೋ ಪ್ಲಾನ್ ಅವರಿಗೆ ಸ್ಪಷ್ಟವಾಗಿ ಸಿಗ್ತಿಲ್ಲ.

ಹೋಲಿಸೋಕೆ ನಾನು ನೋಡೋದು ಇವಿಷ್ಟು: ಎಷ್ಟು ಬೇಗ ಫಲ ಬರತ್ತೆ, ಕೈಯಿಂದ ಎಷ್ಟು ದುಡ್ಡು ಹೋಗತ್ತೆ, ನಿಮ್ಮ ಎಷ್ಟು ಗಂಟೆ ತಿನ್ನತ್ತೆ, ಬರೋ ಮನುಷ್ಯ ನಿಮ್ಮ ಕೆಲಸಕ್ಕೆ ಎಷ್ಟು ಸರಿಹೊಂದ್ತಾನೆ, ಆಮೇಲೆ ನೀವು ನಿಲ್ಲಿಸಿದ ಮೇಲೂ ಅದು ನಡೀತಾ ಇರತ್ತಾ ಇಲ್ವಾ. ದುಡ್ಡನ್ನ ಎಲ್ಲರೂ ಲೆಕ್ಕ ಹಾಕ್ತಾರೆ, ನಿಲ್ಲಿಸಿದ ಮೇಲೆ ಏನು ಉಳಿಯತ್ತೆ ಅಂತ ಕೇಳ್ಕೊಳ್ಳೋರು ಕಮ್ಮಿ, ನನಗೆ ಅದೇ ಮುಖ್ಯ ಅನಿಸತ್ತೆ.

ಬರ್ತಾ ಇರೋ ಫೋನು v/s ಇನ್ನೂ ಜಾಸ್ತಿ ಫೋನು

ಹೊಸ ಎನ್‌ಕ್ವೈರಿ ಹುಡುಕೋದಾ, ಇರೋದನ್ನ ಸರಿಯಾಗಿ ಹಿಡಿಯೋದಾ ಅಂದ್ರೆ ಯಾವಾಗಲೂ ಎರಡನೇದು ಮೊದಲು. ಕೌನ್ಸೆಲರ್‌ಗೆ ಫೋನ್ ಮಾಡೋಕೆ ಒಬ್ಬರು ಎಷ್ಟೋ ದಿನ ಮನಸ್ಸು ಗಟ್ಟಿ ಮಾಡ್ಕೊಂಡಿರ್ತಾರೆ, ಸಾಮಾನ್ಯವಾಗಿ ಒಂದೇ ಕಡೆ ಮಾಡಲ್ಲ, ಮೂರ್ನಾಲ್ಕು ನಂಬರ್ ಬರ್ಕೊಂಡು ಮಾಡ್ತಾರೆ, ಮೊದಲು ಎತ್ತಿದವರ ಹತ್ರ ಹೋಗ್ತಾರೆ. ನೀವು ಸೆಷನ್‌ನಲ್ಲಿ ಇರ್ತೀರ, ಮಿಸ್ಡ್ ಕಾಲ್ ಸಂಜೆ ನೋಡ್ತೀರ, ನಾಳೆ ಮಾಡೋಣ ಅಂತ ಬಿಡ್ತೀರ, ಅಷ್ಟೊತ್ತಿಗೆ ಅವರು ಬೇರೆಯವರ ಹತ್ರ ಬುಕ್ ಮಾಡಿ ಆಗಿರತ್ತೆ. ಅದೇ ದಿನ ವಾಪಸ್ ಕರೆ ಮಾಡೋದು, "ಯಾವಾಗ ಬೇಕಾದ್ರೂ ಬನ್ನಿ" ಅನ್ನೋ ಬದಲು "ಗುರುವಾರ ಹನ್ನೊಂದಕ್ಕೆ ಒಂದು, ಶುಕ್ರವಾರ ಸಂಜೆ ಐದಕ್ಕೆ ಒಂದು ಖಾಲಿ ಇದೆ, ಯಾವುದು ಆಗತ್ತೆ" ಅಂತ ಎರಡು ಸ್ಲಾಟ್ ಮುಂದಿಡೋದು, ಫೀಸು ಎಷ್ಟು ಅಂತ ಕೇಳಿದ್ರೆ ತಡವರಿಸದೇ ಹೇಳೋದು, ಇದಕ್ಕೆಲ್ಲ ಖರ್ಚೇ ಇಲ್ಲ.

ವೆಬ್‌ಸೈಟ್ ಇದ್ರೆ ಮೊಬೈಲಲ್ಲಿ ತೆಗೆದು ನೋಡಿ. ತೆಗೆದ ತಕ್ಷಣ ಕಾಣೋ ಜಾಗದಲ್ಲೇ ಯಾರಿಗೆ, ಯಾವ ತೊಂದರೆಗೆ, ಎಲ್ಲಿ ಅಥವಾ ಆನ್‌ಲೈನಾ, ಬುಕ್ ಮಾಡೋದು ಹೇಗೆ ಅಂತ ಗೊತ್ತಾಗ್ಬೇಕು. ನಿಮ್ಮ ಡಿಗ್ರಿ, ನಿಮ್ಮ ಫಿಲಾಸಫಿ ಎಲ್ಲ ಕೆಳಗಿರ್ಲಿ.

ಇದರ ಜೊತೆಗೇ ನೋ-ಶೋ. ಬುಕ್ ಮಾಡಿ ಬರದೇ ಇರೋರಿಂದ ಖಾಲಿ ಆಗೋ ಗಂಟೆಗಳೂ ಖಾಲಿ ಗಂಟೆಗಳೇ. ಮೊಬೈಲ್ ಮೆಸೇಜ್ ರಿಮೈಂಡರ್ ಕಳಿಸಿದ್ರೆ ಹಾಜರಾತಿ ಹೆಚ್ಚತ್ತೆ, ಫೋನ್ ಮಾಡಿ ನೆನಪಿಸಿದಷ್ಟೇ ಕೆಲಸ ಮಾಡತ್ತೆ ಅಂತ 2013ರ ಕಾಕ್ರೇನ್ ರಿವ್ಯೂನಲ್ಲಿ, ಅಂದ್ರೆ ಹಲವು ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡೋ ವರದಿಯಲ್ಲಿ, ಬಂದಿದೆ. ಹಿಂದಿನ ದಿನ ಒಂದು ಮೆಸೇಜು, ಅದರಲ್ಲೇ ಬರೋಕಾಗಲ್ಲ ಅಂದ್ರೆ ತಿಳಿಸೋಕೆ ಒಂದು ದಾರಿ, ಸಾಕು. ಈ ಭಾಗ ಸರಿ ಮಾಡದೇ ಮುಂದಿನ ಯಾವ ಆಯ್ಕೆಗೂ ಹೋಗ್ಬೇಡಿ ಅಂತ ಕೈ ಮುಗಿದು ಕೇಳ್ಕೊತೀನಿ, ದುಡ್ಡು ಕೊಟ್ಟು ತರಿಸಿದ ಕಾಲ್ ಕೂಡ ಇದೇ ತೂತಲ್ಲಿ ಸೋರಿ ಹೋಗತ್ತೆ.

ಹಳೇ ಕ್ಲೈಂಟ್‌ಗಳಿಗೆ ಮೆಸೇಜ್ ಹಾಕೋದಾ?

ಎಲ್ಲಕ್ಕಿಂತ ಬೇಗ ಫಲ ಕೊಡೋದು ಇದು, ಒಂದು ವಾರದೊಳಗೆ ಗೊತ್ತಾಗತ್ತೆ. ಆದ್ರೆ ಎಲ್ಲಾ ಪ್ರಾಕ್ಟೀಸ್‌ಗೂ ಒಂದೇ ಥರ ಅಲ್ಲ. ಫಿಸಿಯೋ, ಹಲ್ಲಿನ ಡಾಕ್ಟರ್, ಕಣ್ಣಿನ ಪರೀಕ್ಷೆ, ಡಯಟ್ ಇಂಥ ಕಡೆ "ಆರು ತಿಂಗಳಾಯ್ತು, ಒಂದು ಫಾಲೋ-ಅಪ್ ನೋಡೋಣ" ಅಂದ್ರೆ ಅದು ಕಾಳಜಿಯಾಗೇ ಕಾಣತ್ತೆ, ನಿಜವಾಗಲೂ ಬೇಕಾಗಿರೋದೂ ಹೌದು. ಥೆರಪಿ, ಕೌನ್ಸೆಲಿಂಗಲ್ಲಿ ಹಾಗಲ್ಲ. ಒಬ್ಬರು ಕೆಲಸ ಮುಗಿಸಿ ತಮ್ಮ ಕಾಲ ಮೇಲೆ ನಿಂತು ಹೋಗಿದ್ದಾರೆ, ನಿಮಗೆ ಸ್ಲಾಟ್ ಖಾಲಿ ಇದೆ ಅಂತ ಅವರಿಗೆ "ಹೇಗಿದ್ದೀರ, ಮತ್ತೆ ಬನ್ನಿ" ಅಂತ ಹೋದ್ರೆ ಅದು ಅವರಿಗೆ ಒತ್ತಡ ಆಗತ್ತೆ, ನಾನಿನ್ನೂ ಸರಿಯಾಗಿಲ್ವೇನೋ ಅನ್ನೋ ಅನುಮಾನಾನೂ ಹುಟ್ಟಬಹುದು. ಅಲ್ಲಿ ಒಪ್ಪಿಗೆ ಕೊಟ್ಟವರಿಗೆ ಮಾತ್ರ ಹೋಗೋ ಒಂದು ಸಾಮಾನ್ಯ ಪತ್ರ, ಹೊಸ ಸಂಜೆ ಸಮಯ ಶುರು ಮಾಡಿದ್ದೀನಿ, ಇಂಥದ್ದೊಂದು ಗ್ರೂಪ್ ಶುರು ಆಗ್ತಿದೆ ಅಂತ, ಅಷ್ಟಕ್ಕೇ ನಿಲ್ಲಿಸಬೇಕು.

ಎರಡು ಟೆಕ್ನಿಕಲ್ ವಿಷಯ ಇಲ್ಲಿ ತುಂಬ ಮುಖ್ಯ. ವಾಟ್ಸಾಪ್ ಗ್ರೂಪ್ ಮಾಡಿ ಎಲ್ಲರನ್ನೂ ಸೇರಿಸೋ ಹಾಗೇ ಇಲ್ಲ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣತ್ತೆ, ನಿಮ್ಮ ಹತ್ರ ಬರ್ತಿದ್ರು ಅನ್ನೋದೇ ಹೊರಗೆ ಬಿದ್ದ ಹಾಗೆ. ಒಂದೇ ಮೆಸೇಜು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೋಗೋ ಬ್ರಾಡ್‌ಕಾಸ್ಟ್ ಲಿಸ್ಟ್ ಪರವಾಗಿಲ್ಲ, ಆದ್ರೆ ನಿಮ್ಮ ನಂಬರ್ ಸೇವ್ ಮಾಡ್ಕೊಂಡಿರೋರಿಗೆ ಮಾತ್ರ ಅದು ತಲುಪೋದು. ಈಮೇಲ್ ಆದ್ರೆ ಎಲ್ಲರ ವಿಳಾಸ ಬಿಸಿಸಿಯಲ್ಲೇ (Bcc) ಇರ್ಲಿ, ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಲ್ಲ. ಇನ್ನೊಂದು, ಮೆಸೇಜ್‌ನ ಮೊದಲ ಸಾಲು ಮನೆಯವರ ಕಣ್ಣಿಗೂ ಬೀಳಬಹುದು, ಸ್ಕ್ರೀನ್ ಮೇಲೆ ಬರೋ ಆ ಸಾಲಲ್ಲಿ ಕಾಯಿಲೆ ಹೆಸರು, ಸೆಷನ್ ವಿಚಾರ ಏನೂ ಇರಬಾರದು.

ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿರೋರಿಗೆ ಈ ದಾರಿ ಇಲ್ಲವೇ ಇಲ್ಲ, ಅವರು ಮುಂದಕ್ಕೆ ನೋಡಿ.

ಬೇರೆ ಪ್ರೊಫೆಶನಲ್‌ಗಳ ರೆಫರಲ್: ನನ್ನ ಓಟು ಇದಕ್ಕೇ

ಎಲ್ಲಾ ದಾರಿಯಲ್ಲಿ ಒಂದೇ ಆರಿಸ್ಕೋ ಅಂದ್ರೆ ನಾನು ಕಣ್ಣು ಮುಚ್ಚಿ ಇದನ್ನ ಆರಿಸ್ತೀನಿ. ಕಾರಣ ಏನಂದ್ರೆ ಒಬ್ಬರು ಈಗಾಗಲೇ ನಂಬಿರೋ ಡಾಕ್ಟರೋ ಲಾಯರೋ ಕೋಚೋ "ಇವರ ಹತ್ರ ಹೋಗಿ" ಅಂದಾಗ ಆ ನಂಬಿಕೆ ನಿಮ್ಮ ಜೊತೆಗೇ ಬರತ್ತೆ, ಬರೋರು ಅರ್ಧ ನಿರ್ಧಾರ ಮಾಡ್ಕೊಂಡೇ ಬರ್ತಾರೆ, ಫೀಸಿಗೆ ಚೌಕಾಸಿ ಕಮ್ಮಿ, ನಿಮ್ಮ ಕೆಲಸಕ್ಕೆ ಸರಿಹೊಂದೋರೇ ಜಾಸ್ತಿ. ನೀವು ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ನಡೀತಾ ಇರತ್ತೆ. ತೊಂದರೆ ಅಂದ್ರೆ ಶುರು ಆಗೋಕೆ ಒಂದೆರಡು ತಿಂಗಳಾದ್ರೂ ಬೇಕು, ಮತ್ತೆ ಒಬ್ಬರನ್ನೇ ನಂಬ್ಕೊಂಡ್ರೆ ಅವರು ಹೋದ ದಿನ ನಿಮ್ಮ ಡೈರೀನೂ ಖಾಲಿ.

ಯಾರನ್ನ ಕೇಳೋದು? ನಿಮ್ಮ ಕ್ಲೈಂಟ್ ನಿಮ್ಮ ಹತ್ರ ಬರೋ ಮೊದಲು ಯಾರ ಹತ್ರ ಹೋಗಿರ್ತಾರೆ, ನಿಮ್ಮಲ್ಲಿ ಮುಗಿಸಿ ಯಾರ ಹತ್ರ ಹೋಗ್ತಾರೆ ಅಂತ ಪಟ್ಟಿ ಮಾಡಿ. ಕೌನ್ಸೆಲರ್ ಆದ್ರೆ ಫ್ಯಾಮಿಲಿ ಡಾಕ್ಟರ್, ಸೈಕಿಯಾಟ್ರಿಸ್ಟ್, ಹೆರಿಗೆ ನೋಡೋ ಡಾಕ್ಟರ್, ಶಾಲೆಯವರು, ವಿಚ್ಛೇದನ ಕೇಸ್ ನೋಡೋ ಲಾಯರ್. ಫಿಸಿಯೋ ಆದ್ರೆ ಮೂಳೆ ಡಾಕ್ಟರ್, ಜಿಮ್ ಟ್ರೇನರ್, ಓಟದ ಕೋಚ್, ಡ್ಯಾನ್ಸ್ ಕಲಿಸೋರು. ಡಯಟಿಶಿಯನ್ ಆದ್ರೆ ಶುಗರ್ ಥೈರಾಯ್ಡ್ ನೋಡೋರು. ಮರೆತು ಹೋಗೋದು ಯಾರನ್ನ ಅಂದ್ರೆ ನಿಮ್ಮದೇ ವೃತ್ತಿಯವರನ್ನ. ನಿಮಗೆ ಡಲ್ ಇರೋ ಹೊತ್ತಲ್ಲೇ ಇನ್ನೊಬ್ಬರ ಹತ್ರ ವೇಟಿಂಗ್ ಲಿಸ್ಟ್ ಇರತ್ತೆ, ಅವರು ನೋಡದೇ ಇರೋ ವಯಸ್ಸಿನವರು, ನೋಡದೇ ಇರೋ ತೊಂದರೆ ಇರತ್ತೆ, ಕಳಿಸೋಕೆ ಒಂದು ನಂಬಿಕಸ್ಥ ಹೆಸರು ಅವರಿಗೂ ಬೇಕಾಗಿರತ್ತೆ. ಅವರನ್ನ ಎದುರಾಳಿ ಥರ ನೋಡಿ ದೂರ ಇಡೋರು ಬಹಳ ಜನ, ಅಲ್ಲೇ ದೊಡ್ಡ ಬಾಗಿಲು ಮುಚ್ಚಿ ಹೋಗತ್ತೆ.

ಕೇಳೋ ರೀತಿ ಹೇಗೆ? ವಿಸಿಟಿಂಗ್ ಕಾರ್ಡ್ ಕಟ್ಟು ರಿಸೆಪ್ಷನ್‌ನಲ್ಲಿ ಇಟ್ಟು ಬರೋದ್ರಿಂದ ಹೆಚ್ಚೇನೂ ಆಗಲ್ಲ. ಒಂದು ಪುಟಕ್ಕಿಂತ ಚಿಕ್ಕ ಪತ್ರ ಬರೀರಿ: ನಾನು ಇಂಥವರನ್ನ ನೋಡ್ತೀನಿ, ಇಂಥವರನ್ನ ನೋಡಲ್ಲ, ಈ ವಾರದೊಳಗೆ ಸ್ಲಾಟ್ ಸಿಗತ್ತೆ, ಕಳಿಸೋಕೆ ಈ ನಂಬರ್. "ನೋಡಲ್ಲ" ಅನ್ನೋ ಸಾಲು ಬಿಡಬೇಡಿ, ಎಲ್ಲಾ ನೋಡ್ತೀನಿ ಅನ್ನೋರ ಹೆಸರು ಯಾರ ತಲೇಲೂ ನಿಲ್ಲಲ್ಲ, "ಹೆರಿಗೆ ಆದ ಮೇಲೆ ಬೆನ್ನು ನೋವು ಅಂದ್ರೆ ಅವರು" ಅಂತ ಒಂದು ವಿಷಯಕ್ಕೆ ಅಂಟಿಕೊಂಡ ಹೆಸರು ನಿಲ್ಲತ್ತೆ. ಡಲ್ ಟೈಮಲ್ಲಿ "ಈ ವಾರನೇ ನೋಡ್ತೀನಿ" ಅನ್ನೋದು ನಿಮ್ಮ ಹತ್ರ ಇರೋ ದೊಡ್ಡ ಅನುಕೂಲ, ಯಾಕಂದ್ರೆ ಕಳಿಸೋ ಡಾಕ್ಟರ್‌ಗೆ ಪೇಶೆಂಟ್ ಕಾಯಬಾರದು ಅನ್ನೋದೇ ಚಿಂತೆ.

ಒಬ್ಬರು ಬಂದ ಮೇಲೆ, ಆ ಕ್ಲೈಂಟ್ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ರೆ ಮಾತ್ರ, ಕಳಿಸಿದವರಿಗೆ ನಾಲ್ಕು ಸಾಲು ಬರೆದು ಹಾಕಿ, ನೋಡಿದೆ, ಇಂಥ ಪ್ಲಾನ್ ಇದೆ ಅಂತ. ಇಷ್ಟು ಮಾಡೋರು ಎಷ್ಟು ಕಮ್ಮಿ ಅಂದ್ರೆ, ಎರಡನೇ ರೆಫರಲ್ ಬರೋದೇ ಈ ನಾಲ್ಕು ಸಾಲಿಂದ. ನೀವೂ ಅವರಿಗೆ ಕಳಿಸಿ, ಆದ್ರೆ ಲೆಕ್ಕ ಇಟ್ಟು ಅಲ್ಲ, ಕ್ಲೈಂಟ್‌ಗೆ ಬೇಕಾಗಿದ್ರೆ ಮಾತ್ರ. ಕಮಿಷನ್ ಅಂತೂ ಬೇಡವೇ ಬೇಡ. ಕಳಿಸಿದ್ದಕ್ಕೆ ದುಡ್ಡು ಕೊಡೋದು ತಗೊಳ್ಳೋದು ಬಹಳಷ್ಟು ವೃತ್ತಿಗಳ ನೀತಿಸಂಹಿತೆಯಲ್ಲಿ ನಿಷಿದ್ಧ, ಮತ್ತೆ ಕ್ಲೈಂಟ್‌ಗೆ ಗೊತ್ತಾದ್ರೆ ಆ ನಂಬಿಕೆ ವಾಪಸ್ ಬರಲ್ಲ.

ಗೂಗಲ್ ಪ್ರೊಫೈಲಾ, ಡೈರೆಕ್ಟರಿನಾ, ಸ್ವಂತ ವೆಬ್‌ಸೈಟಾ?

ಈ ಮೂರರಲ್ಲಿ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದ್ರೆ ಗೂಗಲ್ ಸರ್ಚಲ್ಲೂ ಮ್ಯಾಪಲ್ಲೂ ನಿಮ್ಮ ಪ್ರಾಕ್ಟೀಸ್ ಬಗ್ಗೆ ಕಾಣೋ ಪುಟ, ಮೊದಲು, ಅನುಮಾನನೇ ಬೇಡ. 2021ರ ತನಕ ಗೂಗಲ್ ಮೈ ಬಿಸಿನೆಸ್ ಅಂತಿದ್ರಲ್ಲ ಅದೇ ಇದು, ಫ್ರೀ. ಹತ್ತಿರದ ಹುಡುಕಾಟದಲ್ಲಿ ಯಾರು ಮೇಲೆ ಬರ್ತಾರೆ ಅನ್ನೋದನ್ನ ಗೂಗಲ್ ಮೂರು ವಿಷಯದ ಮೇಲೆ ನೋಡೋದಾಗಿ ಹೇಳತ್ತೆ: ಹುಡುಕಿದ್ದಕ್ಕೂ ನಿಮಗೂ ಎಷ್ಟು ಸಂಬಂಧ, ಎಷ್ಟು ದೂರ, ನೀವು ಎಷ್ಟು ಹೆಸರು ಮಾಡಿದ್ದೀರ. ದೂರ ನಿಮ್ಮ ಕೈಲಿಲ್ಲ. ಸಂಬಂಧ ಅನ್ನೋದು ಕೆಟಗರಿ ಸರಿ ಇಡೋದ್ರಿಂದ, ಸರ್ವೀಸ್‌ಗಳನ್ನ ಒಂದೊಂದಾಗಿ ಬರೆಯೋದ್ರಿಂದ ಸುಧಾರಿಸತ್ತೆ. ಮನೆಯಿಂದಲೇ ನಡೆಸ್ತಾ ಕ್ಲೈಂಟ್ ಇರೋ ಕಡೆ ನೀವೇ ಹೋಗೋರಾಗಿದ್ರೆ ವಿಳಾಸ ಮುಚ್ಚಿಟ್ಟು ಓಡಾಡೋ ಏರಿಯಾ ಮಾತ್ರ ತೋರಿಸಬಹುದು. ರಜೆ ದಿನಗಳ ಟೈಮಿಂಗ್ ಹಾಕಿಡಿ, ಬಂದು ಬೀಗ ನೋಡಿ ಹೋದವರು ಮತ್ತೆ ಬರಲ್ಲ.

ರಿವ್ಯೂ ವಿಷಯಕ್ಕೆ ಬಂದ್ರೆ ಹುಷಾರಾಗಿರ್ಬೇಕು. ಗಿಫ್ಟೋ ಡಿಸ್ಕೌಂಟೋ ಕೊಟ್ಟು ರಿವ್ಯೂ ಬರೆಸೋದು, ಖುಷಿಯಾಗಿರೋರನ್ನ ಮಾತ್ರ ಆರಿಸಿ ಕೇಳೋದು, ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ. ಮನಸ್ಸಿನ ಆರೋಗ್ಯದ ಕೆಲಸದಲ್ಲಿ ಇನ್ನೂ ಕಟ್ಟುನಿಟ್ಟು, ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ನೀತಿಸಂಹಿತೆಯ 5.05 ಪ್ರಕಾರ ಈಗ ಥೆರಪಿಯಲ್ಲಿ ಇರೋ ಕ್ಲೈಂಟ್ ಹತ್ರ ಪ್ರಶಂಸೆ ಬರೆದುಕೊಡಿ ಅಂತ ಕೇಳೋ ಹಾಗೇ ಇಲ್ಲ. ನಿಮ್ಮ ವೃತ್ತಿಯ ಕೌನ್ಸಿಲ್ ಏನು ಹೇಳತ್ತೆ ಅಂತ ಓದಿಯೇ ಮುಂದುವರೀರಿ, ಕೆಲವು ಕಡೆ ಡಾಕ್ಟರ್, ಲಾಯರ್‌ಗಳಿಗೆ ಜಾಹೀರಾತೇ ನಿಷೇಧ ಇರತ್ತೆ. ಕೆಟ್ಟ ರಿವ್ಯೂ ಬಂದ್ರೆ "ನೀವು ಮೂರನೇ ಸೆಷನ್‌ಗೆ ಬರಲೇ ಇಲ್ಲ" ಅಂತೆಲ್ಲ ಉತ್ತರ ಕೊಡಬೇಡಿ, ಅವರು ನಿಮ್ಮ ಕ್ಲೈಂಟ್ ಅಂತ ಒಪ್ಪಿಕೊಂಡ್ರೇನೇ ಗುಟ್ಟು ಬಿಟ್ಟುಕೊಟ್ಟ ಹಾಗೆ. "ಯಾರ ಬಗ್ಗೆಯೂ ಇಲ್ಲಿ ಮಾತಾಡೋಕಾಗಲ್ಲ, ತೊಂದರೆ ಇದ್ರೆ ದಯವಿಟ್ಟು ಫೋನ್ ಮಾಡಿ" ಅಂತ ಬರೆದು ಸುಮ್ಮನಾಗಿ.

ಡೈರೆಕ್ಟರಿ ಅಂದ್ರೆ ತಿಂಗಳಿಗೋ ವರ್ಷಕ್ಕೋ ಫೀ ಕಟ್ಟಿ ಹೆಸರು ಹಾಕಿಸೋ ಸೈಟುಗಳು. ಬೇಗ ಶುರು ಆಗತ್ತೆ, ಹೊಸಬರಿಗೆ ಉಪಯೋಗಕ್ಕೆ ಬರತ್ತೆ, ಆದ್ರೆ ಅಲ್ಲಿ ನೀವು ಇಪ್ಪತ್ತು ಫೋಟೋಗಳ ನಡುವೆ ಒಂದು ಫೋಟೋ. ಗೆಲ್ಲೋದು ಮೊದಲ ಎರಡು ಸಾಲು. "ನಾನು ಹತ್ತು ವರ್ಷದ ಅನುಭವ ಇರೋ" ಅಂತ ಶುರು ಮಾಡೋ ಬದಲು "ರಾತ್ರಿ ನಿದ್ದೆ ಬರ್ತಿಲ್ಲ, ಬೆಳಿಗ್ಗೆ ಆಫೀಸ್ ನೆನೆಸ್ಕೊಂಡ್ರೆ ಎದೆ ಹೊಡ್ಕೊಳ್ಳತ್ತೆ" ಅಂತ ಓದೋರ ಸ್ಥಿತಿಯಿಂದ ಶುರು ಮಾಡಿ. ಮೂರು ತಿಂಗಳಲ್ಲಿ ಒಬ್ಬರೂ ಬರಲಿಲ್ಲ ಅಂದ್ರೆ ಆ ಸಾಲುಗಳನ್ನ ಬದಲಾಯಿಸಿ ನೋಡಿ, ಆಮೇಲೂ ಇಲ್ಲ ಅಂದ್ರೆ ಬಿಟ್ಟುಬಿಡಿ.

ವೆಬ್‌ಸೈಟ್ ಲೇಖನಗಳು ನಿಧಾನ, ತಿಂಗಳುಗಟ್ಟಲೆ. ಆದ್ರೆ ಬೆಳೆದ ಮೇಲೆ ಉಳ್ಕೊಳ್ಳತ್ತೆ. ಎಲ್ಲಾ ಸೇವೆಗಳೂ ಒಂದೇ ಪುಟದಲ್ಲಿ ಇರೋದಕ್ಕಿಂತ ಒಂದು ತೊಂದರೆಗೆ ಒಂದು ಪುಟ ಇದ್ರೆ ಹುಡುಕೋರಿಗೂ ಸರ್ಚ್‌ಗೂ ಸುಲಭ. ಡಲ್ ತಿಂಗಳಲ್ಲಿ ಇಂಥ ಎರಡು ಪುಟ ಬರೆದಿಡೋದು ಮುಂದಿನ ವರ್ಷಕ್ಕೆ ಆಯ್ತು, ಈ ತಿಂಗಳಿಗೆ ಅಂತ ಅಂದ್ಕೋಬೇಡಿ.

ದುಡ್ಡು ಕೊಟ್ಟು ಹಾಕೋ ಆಡ್: ಸರ್ಚಾ, ಸೋಶಿಯಲ್ ಮೀಡಿಯಾನಾ?

ಇಲ್ಲಿ ವ್ಯತ್ಯಾಸ ಒಂದೇ ಮಾತಲ್ಲಿ ಹೇಳಬಹುದು. ಸರ್ಚ್ ಆಡ್ ಕಾಣೋದು ಈಗಾಗಲೇ ಹುಡುಕ್ತಿರೋರಿಗೆ, ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ಆಡ್ ಕಾಣೋದು ಬೇರೇನೋ ನೋಡ್ತಿರೋರಿಗೆ. ಭುಜ ನೋವಿಂದ ರಾತ್ರಿ ಎದ್ದು ಕೂತು ಹುಡುಕ್ತಿರೋರು ನಾಳೆನೇ ಫೋನ್ ಮಾಡ್ತಾರೆ. ರೀಲ್ಸ್ ನೋಡ್ತಿರೋರು ಮಾಡಲ್ಲ, ಆದ್ರೆ ಮುಂದಿನ ತಿಂಗಳ ವರ್ಕ್‌ಶಾಪ್‌ಗೆ ಹೆಸರು ಬರೆಸಬಹುದು. ಹಾಗಾಗಿ ಒಬ್ಬೊಬ್ಬರನ್ನೇ ನೋಡೋ ಅಪಾಯಿಂಟ್‌ಮೆಂಟ್ ತುಂಬಿಸೋಕೆ ಸರ್ಚ್, ಗ್ರೂಪು ಕಾರ್ಯಕ್ರಮ ತುಂಬಿಸೋಕೆ ಸೋಶಿಯಲ್.

ಸರ್ಚ್ ಆಡಲ್ಲಿ ಕ್ಲಿಕ್‌ಗೆ ದುಡ್ಡು, ಹರಾಜಿನ ಥರ ನಡೆಯತ್ತೆ, ಆದ್ರೆ ಜಾಸ್ತಿ ಬಿಡ್ ಮಾಡಿದವರೇ ಮೇಲೆ ಬರ್ತಾರೆ ಅಂತೇನಿಲ್ಲ, ಆಡ್ ಮತ್ತೆ ಪುಟದ ಗುಣಮಟ್ಟಾನೂ ನೋಡ್ತಾರೆ. ದುಡ್ಡು ಸುಮ್ಮನೆ ಹರಿದು ಹೋಗೋ ಜಾಗಗಳು ನಾಲ್ಕು. ಕೀವರ್ಡ್, ಅಂದ್ರೆ ಯಾವ ಪದ ಹುಡುಕಿದ್ರೆ ಆಡ್ ಕಾಣಬೇಕೋ ಆ ಪದ, ಬ್ರಾಡ್ ಮ್ಯಾಚ್ ಅನ್ನೋ ಸಡಿಲ ಆಯ್ಕೆಯಲ್ಲಿ ಬಿಟ್ರೆ ಸಂಬಂಧ ಇಲ್ಲದ ಹುಡುಕಾಟಕ್ಕೆಲ್ಲ ತೋರಿಸತ್ತೆ, ಶುರುವಿಗೆ ಅದಕ್ಕಿಂತ ಬಿಗಿಯಾದ ಎಕ್ಸಾಕ್ಟ್ ಅಥವಾ ಫ್ರೇಸ್ ಮ್ಯಾಚ್ ಇಡಿ. ಕೋರ್ಸ್, ಜಾಬ್, ಸಂಬಳ, ಫ್ರೀ, ಪಿಡಿಎಫ್ ಇಂಥ ಪದಗಳನ್ನ ನೆಗೆಟಿವ್ ಕೀವರ್ಡ್ ಪಟ್ಟಿಗೆ, ಅಂದ್ರೆ ಆ ಪದ ಇದ್ರೆ ಆಡ್ ತೋರಿಸಬೇಡ ಅನ್ನೋ ಪಟ್ಟಿಗೆ, ಹಾಕಿ, ಇಲ್ಲಾಂದ್ರೆ ಫಿಸಿಯೋಥೆರಪಿ ಓದೋಕೆ ಕಾಲೇಜ್ ಹುಡುಕೋರ ಕ್ಲಿಕ್‌ಗೆ ನೀವು ದುಡ್ಡು ಕಟ್ತೀರ. ಲೊಕೇಶನ್ ಸೆಟ್ಟಿಂಗಲ್ಲಿ ತಾನಾಗೇ ಬರೋ ಆಯ್ಕೆ ಆ ಜಾಗದಲ್ಲಿ ಇರೋರ ಜೊತೆಗೆ ಆ ಜಾಗದಲ್ಲಿ ಆಸಕ್ತಿ ತೋರಿಸಿದವರನ್ನೂ ಸೇರಿಸತ್ತೆ, ಅದನ್ನ ಅಲ್ಲಿ ಇರೋರಿಗೆ ಮಾತ್ರ ಅಂತ ಬದಲಾಯಿಸಿ. ಬೇರೆ ಸೈಟು, ಆ್ಯಪ್‌ಗಳಲ್ಲೂ ಆಡ್ ತೋರಿಸೋ ಡಿಸ್‌ಪ್ಲೇ ನೆಟ್‌ವರ್ಕ್ ಟಿಕ್ ತೆಗೀರಿ. ಮತ್ತೆ ಫೋನ್ ಎತ್ತೋಕೆ ಯಾರಾದ್ರೂ ಇರೋ ಹೊತ್ತಲ್ಲಿ ಮಾತ್ರ ಆಡ್ ಓಡ್ಲಿ.

ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ 100 ಕ್ಲಿಕ್‌ಗೆ 5 ಜನ ಫೋನ್ ಮಾಡಿ 2 ಜನ ಬಂದ್ರು ಅಂದ್ಕೊಳ್ಳಿ, ಒಬ್ಬ ಕ್ಲೈಂಟ್‌ಗೆ 50 ಕ್ಲಿಕ್‌ನ ಖರ್ಚು. ನಿಮ್ಮ ಕ್ಲೈಂಟ್ ಸರಾಸರಿ 6 ಸೆಷನ್ ಬರ್ತಾರೆ ಅಂದ್ರೆ, ಆ 50 ಕ್ಲಿಕ್‌ನ ಖರ್ಚು ಒಂದು ಸೆಷನ್ ಫೀಸಿನ ಒಳಗಿದ್ರೆ ಧಾರಾಳವಾಗಿ ಮುಂದುವರೆಸಿ, ಮೂರು ಸೆಷನ್ ದಾಟಿದ್ರೆ ನಿಲ್ಲಿಸಿ ಪುಟ ಸರಿ ಮಾಡಿ. ಒಂದೇ ಸಲ ಬಂದು ಹೋಗೋ ಥರದ ಪ್ರಾಕ್ಟೀಸ್‌ಗೆ ಆಡ್ ಲೆಕ್ಕ ಕೂಡೋದು ಕಷ್ಟ. ನಿಲ್ಲಿಸಿದ ದಿನ ಫೋನೂ ನಿಲ್ಲತ್ತೆ, ಏನೂ ಉಳಿಯಲ್ಲ, ಅದಕ್ಕೇ ಇದು ರೆಫರಲ್ ಬೆಳೆಯೋ ತನಕ ಹೊಟ್ಟೆ ತುಂಬಿಸ್ಕೊಳ್ಳೋಕೆ ಮಾತ್ರ ಅನ್ನೋದು ನನ್ನ ಅಭಿಪ್ರಾಯ.

ಸೋಶಿಯಲ್ ಆಡಲ್ಲಿ ಒಂದು ನಿಯಮ ಗೊತ್ತಿರ್ಲಿ, ಓದೋರಿಗೆ ಇಂಥ ಕಾಯಿಲೆ ಇದೆ ಅಂತ ಸೂಚಿಸೋ ಮಾತನ್ನ ಫೇಸ್‌ಬುಕ್ ಇನ್‌ಸ್ಟಾಗ್ರಾಮ್ ನಡೆಸೋ ಮೆಟಾ ಕಂಪನಿ ಒಪ್ಪಲ್ಲ. "ನಿಮಗೆ ಡಿಪ್ರೆಶನ್ ಇದ್ಯಾ?" ಅಂತ ಬರೆದ್ರೆ ಆಡ್ ತಿರಸ್ಕಾರ ಆಗಬಹುದು, "ಡಿಪ್ರೆಶನ್‌ಗೆ ಕೌನ್ಸೆಲಿಂಗ್ ಲಭ್ಯ" ಅಂದ್ರೆ ತೊಂದರೆ ಇಲ್ಲ. ಆರೋಗ್ಯದ ವಿಷಯಗಳ ಆಸಕ್ತಿ ಮೇಲೆ ಜನರನ್ನ ಆರಿಸೋ ಎಷ್ಟೋ ಆಯ್ಕೆಗಳನ್ನ ಅವರು 2022ರ ಜನವರಿಯಲ್ಲಿ ತೆಗೆದೂ ಹಾಕಿದ್ರು. ಪುಟಕ್ಕೆ ಬಂದವರು ಏನು ಮಾಡಿದ್ರು ಅಂತ ಆಡ್ ಕಂಪನಿಗೆ ತಿಳಿಸೋ ಚಿಕ್ಕ ಕೋಡನ್ನ, ಅಂದ್ರೆ ಟ್ರ್ಯಾಕಿಂಗ್ ಪಿಕ್ಸೆಲ್‌ನ, ಅಪಾಯಿಂಟ್‌ಮೆಂಟ್ ಫಾರ್ಮ್ ಇರೋ ಪುಟದಲ್ಲಿ ಹಾಕೋದು ನನ್ನ ಪ್ರಕಾರ ಬೇಡ. ಕ್ಲೈಂಟ್‌ಗಳ ಆರೋಗ್ಯದ ಮಾಹಿತಿಯನ್ನ ಜಾಹೀರಾತಿಗೆ ಹಂಚಿಕೊಂಡ ವಿಷಯಕ್ಕೆ 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಬೆಟರ್‌ಹೆಲ್ಪ್ ಅನ್ನೋ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿಯಿಂದ 78 ಲಕ್ಷ ಡಾಲರ್ ಕಟ್ಟಿಸಿತ್ತು. ಚಿಕ್ಕ ಪ್ರಾಕ್ಟೀಸ್‌ಗೆ ಅಷ್ಟು ದೊಡ್ಡ ದಂಡ ಬೀಳದೇ ಇರಬಹುದು, ಆದ್ರೆ ನಂಬಿ ಫಾರ್ಮ್ ತುಂಬಿದವರಿಗೆ ಆಗೋ ಅನ್ಯಾಯ ಅಷ್ಟೇ ದೊಡ್ಡದು.

ಎದುರು ನಿಂತು ಮಾತಾಡೋದಾ, ದಿನಾ ಪೋಸ್ಟ್ ಹಾಕೋದಾ?

ಇಪ್ಪತ್ತು ಜನರ ಎದುರು ನಲವತ್ತು ನಿಮಿಷ ಮಾತಾಡೋದು, ತಿಂಗಳು ಪೂರ್ತಿ ಪೋಸ್ಟ್ ಹಾಕೋದು, ಇವೆರಡರಲ್ಲಿ ನಾನು ಮೊದಲನೇದು ಅಂತೀನಿ. ಜನ ಬರ್ಲಿ ಅಂತ ಹಾಲ್ ಬುಕ್ ಮಾಡೋದಕ್ಕಿಂತ ನಿಮಗೆ ಬೇಕಾದವರು ಆಗಲೇ ಸೇರೋ ಜಾಗಕ್ಕೆ ನೀವೇ ಹೋಗಿ, ಹೊಸ ತಾಯಂದಿರ ಗುಂಪು, ಓಟಗಾರರ ಕ್ಲಬ್ಬು, ಶಾಲೆಯ ಪೋಷಕರ ಸಭೆ, ಆಫೀಸಿನ ಎಚ್‌ಆರ್. ಅಲ್ಲೇ ಮಾಡಿ ನೋಡಬಹುದಾದ ಒಂದು ವಿಷಯ ಕಲಿಸಿ, ಕೊನೆಗೆ ಒಂದೇ ಸಲ ನಿಮ್ಮನ್ನ ಹೇಗೆ ಸಂಪರ್ಕಿಸೋದು ಅಂತ ಹೇಳಿ. ಅವತ್ತೇ ಯಾರೂ ಬುಕ್ ಮಾಡದೇ ಇರಬಹುದು, ಎರಡು ತಿಂಗಳು ಬಿಟ್ಟು ಅಲ್ಲಿದ್ದವರ ಅಕ್ಕನೋ ಸ್ನೇಹಿತೆಯೋ ಫೋನ್ ಮಾಡ್ತಾರೆ, ಹಾಗೇ ಇದು ನಡೆಯೋದು.

ಪೋಸ್ಟ್‌ಗಳು ಹೊಸಬರನ್ನ ತರೋದಕ್ಕಿಂತ, ನಿಮ್ಮ ಹೆಸರು ಬೇರೆ ಕಡೆ ಕೇಳಿ ಹುಡುಕಿ ನೋಡೋರಿಗೆ ಧೈರ್ಯ ಕೊಡೋಕೆ ಬೇಕು. ಅದಕ್ಕೆ ಚೆನ್ನಾಗಿರೋ ಮೂರು ನಾಲ್ಕು ಪಿನ್ ಮಾಡಿಟ್ರೆ ಸಾಕು. ಹಾಡು ಹಾಕಿ ಕುಣಿಯೋ ಅವಶ್ಯಕತೆ ಯಾರಿಗೂ ಇಲ್ಲ.

ಫೀಸ್ ಇಳಿಸೋದು v/s ಬೇರೆ ರೀತಿ ಬಾಗಿಲು ತೆರೆಯೋದು

ಡಿಸ್ಕೌಂಟ್ ನನಗೆ ಇಷ್ಟ ಇಲ್ಲ, ಕಾರಣ ಹೇಳ್ತೀನಿ. ಪೂರ್ತಿ ಫೀಸ್ ಕೊಟ್ಟು ಬರ್ತಿರೋ ಹಳಬರಿಗೆ ಬೇಜಾರಾಗತ್ತೆ. ರೇಟು ನೋಡಿ ಬಂದವರು ರೇಟು ಏರಿದ ದಿನ ಹೋಗ್ತಾರೆ. ಒಮ್ಮೆ ಇಳಿಸಿದ್ದನ್ನ ಏರಿಸೋಕೆ ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಜನ ಬರದೇ ಇರೋದಕ್ಕೆ ಎಷ್ಟೋ ಸಲ ಫೀಸ್ ಕಾರಣನೇ ಆಗಿರಲ್ಲ, ಸಮಯ ಹೊಂದದೇ ಇರೋದು, ಹೋದ್ರೆ ಏನಾಗತ್ತೋ ಅನ್ನೋ ಅಂಜಿಕೆ, ಇವೇ ಕಾರಣ.

ಅಂಜಿಕೆಗೆ ಔಷಧಿ ಹದಿನೈದು ನಿಮಿಷದ ಫ್ರೀ ಫೋನ್ ಮಾತುಕತೆ. ಅದರಲ್ಲಿ ಚಿಕಿತ್ಸೆ ಶುರು ಮಾಡಬೇಡಿ, ನಾನು ನಿಮಗೆ ಸರಿಹೋಗ್ತೀನಾ ಇಲ್ವಾ ಅನ್ನೋದಷ್ಟೇ ನೋಡಿ, ಸರಿಹೋಗಲ್ಲ ಅಂದ್ರೆ ಬೇರೆ ಹೆಸರು ಕೊಡಿ. ಸಮಯಕ್ಕೆ ಔಷಧಿ ವಾರಕ್ಕೆ ಎರಡು ಸಂಜೆ ಸ್ಲಾಟು ಅಥವಾ ಆನ್‌ಲೈನ್ ಸೆಷನ್. ನಿಜವಾಗಲೂ ಕೊಡೋಕಾಗದವರಿಗೆ ಕಮ್ಮಿ ಫೀಸಿನ ಸ್ಲಾಟ್ ಎರಡೋ ಮೂರೋ ಅಂತ ಗಟ್ಟಿಯಾಗಿ ನಿಗದಿ ಮಾಡಿ, ಅದು ವರ್ಷ ಪೂರ್ತಿ ಇರ್ಲಿ, ಡಲ್ ಆದಾಗ ಮಾತ್ರ ನೆನಪಾಗೋ ದಯೆ ಆಗೋದು ಬೇಡ.

ಗ್ರೂಪ್ ಸೆಷನ್ ಕೂಡ ಇಲ್ಲೇ ಬರತ್ತೆ. ಆರು ಜನ, ನಾಲ್ಕು ವಾರ, ಒಬ್ಬೊಬ್ಬರಿಗೆ ಅರ್ಧ ಫೀಸ್ ಅಂದ್ರೂ ಆ ಗಂಟೆಗೆ ನಿಮಗೆ ಮೂರು ಸೆಷನ್‌ನಷ್ಟು ಸಿಗತ್ತೆ, ಬಂದವರಿಗೂ ಕಮ್ಮಿ ಆಗತ್ತೆ, ಯಾರ ಫೀಸೂ ಇಳಿಸಿದ ಹಾಗಾಗಲ್ಲ. ಮಧ್ಯಾಹ್ನದ ಗಂಟೆಗಳು ಮಾತ್ರ ಖಾಲಿ ಇರೋರಿಗೆ ಇದು ತುಂಬ ಹೊಂದತ್ತೆ.

ಇನ್ಶೂರೆನ್ಸ್ ಪ್ಯಾನೆಲ್, ಕಂಪನಿಗಳ ಉದ್ಯೋಗಿ ಸಹಾಯ ಯೋಜನೆ ಇವೂ ಇವೆ. ಕ್ಲೈಂಟ್ ಬರೋದು ಸ್ಥಿರ, ಫೀಸ್ ಅವರು ಹೇಳಿದ್ದು, ಪೇಪರ್ ಕೆಲಸ ಜಾಸ್ತಿ, ದುಡ್ಡು ಕೈಗೆ ಬರೋದು ತಡ, ಸೇರಿಸ್ಕೊಳ್ಳೋಕೂ ಟೈಮ್ ತಗೊಳ್ತಾರೆ. ಒಟ್ಟು ಗಂಟೆಗಳ ಕಾಲು ಭಾಗ ದಾಟದ ಹಾಗೆ ನೋಡ್ಕೊಂಡ್ರೆ ಒಳ್ಳೇ ಆಸರೆ, ಜಾಸ್ತಿ ಆದ್ರೆ ನಿಮ್ಮ ಪ್ರಾಕ್ಟೀಸ್ ನಡೆಸೋರು ಅವರೇ.

ಹಾಗಾದ್ರೆ ನಿಮಗೆ ಯಾವುದು?

ಎರಡು ವಾರದಲ್ಲಿ ಸ್ಲಾಟ್ ತುಂಬಲೇಬೇಕು ಅಂದ್ರೆ ಎನ್‌ಕ್ವೈರಿ ಹಿಡಿಯೋದು, ನಿಮ್ಮ ವೃತ್ತಿಗೆ ಸಲ್ಲೋದಾದ್ರೆ ಹಳಬರಿಗೆ ಫಾಲೋ-ಅಪ್, ಜೊತೆಗೆ ಚಿಕ್ಕ ಬಜೆಟ್‌ನ ಸರ್ಚ್ ಆಡ್. ದುಡ್ಡಿಲ್ಲ ಟೈಮ್ ಇದೆ ಅಂದ್ರೆ ವಾರಕ್ಕೆ ಐದು ರೆಫರಲ್ ಪತ್ರ ಮತ್ತೆ ಗೂಗಲ್ ಪ್ರೊಫೈಲ್. ದುಡ್ಡಿದೆ ಟೈಮಿಲ್ಲ ಅಂದ್ರೆ ಸರ್ಚ್ ಆಡ್ ಮತ್ತೆ ಫೋನ್ ಎತ್ತೋಕೆ ಒಬ್ಬರು, ಎರಡನೇದು ಇಲ್ಲದೇ ಮೊದಲನೇದಕ್ಕೆ ಕೈ ಹಾಕಬೇಡಿ. ಹೊಸ ಪ್ರಾಕ್ಟೀಸ್ ಆದ್ರೆ ನಿಮ್ಮದೇ ವೃತ್ತಿಯ ಬಿಜಿ ಇರೋರು, ಒಂದು ಡೈರೆಕ್ಟರಿ, ಒಂದು ಗುಂಪಿನ ಎದುರು ಮಾತು. ನಗರದಿಂದ ದೂರ ಇದ್ದು ಸುತ್ತ ಜನವೇ ಕಮ್ಮಿ ಅಂದ್ರೆ ಆನ್‌ಲೈನ್ ಸೆಷನ್ ಶುರು ಮಾಡಿ, ಆದ್ರೆ ಬೇರೆ ರಾಜ್ಯ ಬೇರೆ ದೇಶದವರನ್ನ ನೋಡೋಕೆ ನಿಮ್ಮ ಲೈಸೆನ್ಸ್ ಒಪ್ಪತ್ತಾ ಅಂತ ಮೊದಲು ವಿಚಾರಿಸಿ.

ಮೇಲೆ ಕೆಲವರಿಗೆ ಮೂರು ಹೇಳಿದ್ರೂ ಒಂದಾದ ಮೇಲೆ ಒಂದು ಶುರು ಮಾಡಿ, ಒಂದೇ ಸಲಕ್ಕೆ ಎರಡಕ್ಕಿಂತ ಜಾಸ್ತಿ ಹಿಡಿಬೇಡಿ, ಒಂದು ಬೇಗ ಫಲ ಕೊಡೋದು, ಒಂದು ನಿಧಾನದ್ದು. ಬಂದ ಪ್ರತಿಯೊಬ್ಬರನ್ನೂ "ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು" ಅಂತ ಕೇಳಿ ಡೈರಿಯಲ್ಲೇ ಪಕ್ಕಕ್ಕೆ ಬರೀರಿ, ಮೂರು ತಿಂಗಳಾದ ಮೇಲೆ ಯಾವುದನ್ನ ಬಿಡಬೇಕು ಅಂತ ಆ ಪಟ್ಟಿನೇ ಹೇಳತ್ತೆ. ಸೀಸನ್‌ನಿಂದ ಖಾಲಿ ಆಗೋರು ಮುಂದಿನ ವರ್ಷದ ಕ್ಯಾಲೆಂಡರಲ್ಲಿ ಆ ತಿಂಗಳಿಗೆ ಎರಡು ತಿಂಗಳ ಹಿಂದೆ ಒಂದು ಗುರುತು ಹಾಕಿ, ರೆಫರಲ್ ಪತ್ರಗಳು ಹೋಗಬೇಕಾದ್ದು, ಗ್ರೂಪ್ ಸೆಷನ್‌ಗೆ ಹೆಸರು ತಗೊಳ್ಳೋಕೆ ಶುರು ಮಾಡಬೇಕಾದ್ದು ಆವತ್ತು, ಡೈರಿ ಆಗ ತುಂಬಿ ತುಳುಕ್ತಿದ್ರೂ ಸರಿ.